ತಟ್ಟೆಗೆ ಬಡಿಯುವ ಗಾಳಿಯ ಜೆಟ್: ಸಿಎಫ್‌ಡಿ ಲೆಕ್ಕದಲ್ಲಿ ನಸೆಲ್ಟ್ ಸಂಖ್ಯೆ ದುಪ್ಪಟ್ಟು ಬರುವುದೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 10 ಮಿ.ಮೀ. ವ್ಯಾಸದ ದುಂಡು ನಾಝಲ್‌ನಿಂದ ಹೊರಟು ಬಿಸಿ ತಟ್ಟೆಗೆ ಲಂಬವಾಗಿ ಬಡಿಯುವ ಗಾಳಿಯ ಜೆಟ್ಟನ್ನು ಎಂ.ಟೆಕ್ ಪ್ರಾಜೆಕ್ಟಿಗಾಗಿ ಸಿಎಫ್‌ಡಿಯಲ್ಲಿ (ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ) ಸಿಮ್ಯುಲೇಟ್ ಮಾಡುತ್ತಿದ್ದೇನೆ. ರೆನಾಲ್ಡ್ಸ್ ಸಂಖ್ಯೆ (ವೇಗ ಮತ್ತು ವ್ಯಾಸಗಳ ಗುಣಲಬ್ಧವನ್ನು ಗಾಳಿಯ ಸ್ನಿಗ್ಧತೆಗೆ ಹೋಲಿಸುವ ಅಂಕಿ) 23,000. ನಾಝಲ್‌ಗೂ ತಟ್ಟೆಗೂ ಇರುವ ಅಂತರ ವ್ಯಾಸದ ಎರಡರಷ್ಟು. ಹರಿವಿನ ಕಲಕಾಟವನ್ನು, ಅಂದರೆ ಟರ್ಬ್ಯುಲೆನ್ಸನ್ನು, ಅಂದಾಜಿಸುವ ಸ್ಟ್ಯಾಂಡರ್ಡ್ ಕೆ–ಎಪ್ಸಿಲಾನ್ ಮಾಡೆಲ್ ಜೊತೆಗೆ ವಾಲ್ ಫಂಕ್ಷನ್ (ಗೋಡೆಯ ಪಕ್ಕದ ಹರಿವನ್ನು ಬಿಡಿಸದೆ ಸೂತ್ರದಿಂದ ತುಂಬುವ ಕ್ರಮ) ಬಳಸಿದ್ದು, ವೈ ಪ್ಲಸ್ (ಗೋಡೆಯಿಂದ ಮೊದಲ ಕೋಶದ ದೂರವನ್ನು ಸೂಚಿಸುವ, ಘಟಕವಿಲ್ಲದ ಅಂಕಿ) 40ರ ಆಸುಪಾಸಿನಲ್ಲಿದೆ. ಪ್ರಕಟಿತ ಪ್ರಯೋಗಗಳಿಗೆ ಹೋಲಿಸಿದರೆ ಸ್ತಬ್ಧ ಬಿಂದುವಿನಲ್ಲಿ (ಜೆಟ್ಟಿನ ನಡುಗೆರೆ ತಟ್ಟೆಗೆ ತಾಗಿ ಗಾಳಿ ನಿಲ್ಲುವ ಜಾಗ) ನಸೆಲ್ಟ್ ಸಂಖ್ಯೆ, ಅಂದರೆ ಶಾಖ ಎಷ್ಟು ಚೆನ್ನಾಗಿ ಸಾಗುತ್ತದೆ ಎಂಬುದರ ಅಳತೆ, ಹೆಚ್ಚುಕಡಿಮೆ ದುಪ್ಪಟ್ಟು ಬರುತ್ತಿದೆ. ಅಲ್ಲಿಂದ ಎರಡು ವ್ಯಾಸದಷ್ಟು ದೂರದಲ್ಲಿ ನಸೆಲ್ಟ್ ಸಂಖ್ಯೆಯಲ್ಲಿ ಕಾಣಬೇಕಾದ ಎರಡನೆಯ ಏರು ಕಾಣುವುದೇ ಇಲ್ಲ. ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಹಂಚಿದ ಕೋಶಗಳ ಜಾಲ) ಸೂಕ್ಷ್ಮಗೊಳಿಸಿದರೆ ಸಾಕೇ, ಮಾಡೆಲ್ಲನ್ನೇ ಬದಲಿಸಬೇಕೇ?

ಉತ್ತರ 1

ಎರಡೂ ಬೇಕು, ಮೊದಲು ಮೆಶ್ ನೋಡೋಣ. ನೀವು ಕೊಟ್ಟ ಅಂಕಿಗಳ ಪ್ರಕಾರ ಗಾಳಿಯ ವೇಗ ಸೆಕೆಂಡಿಗೆ ಸುಮಾರು 35 ಮೀಟರ್. ವೈ ಪ್ಲಸ್ 40 ಎಂದರೆ ತಟ್ಟೆಯ ಮೇಲಿನ ಮೊದಲ ಕೋಶ ಸುಮಾರು 0.3 ಮಿ.ಮೀ. ಎತ್ತರದಲ್ಲಿದೆ ಎಂದಾಯಿತು. ಆದರೆ ಸ್ತಬ್ಧ ಬಿಂದುವಿನ ಬಳಿ ಗಡಿಪದರದ (ತಟ್ಟೆಗೆ ತಾಗಿ ಗಾಳಿ ನಿಧಾನಗೊಳ್ಳುವ ತೆಳು ಪದರ) ದಪ್ಪವೇ 0.1ರಿಂದ 0.2 ಮಿ.ಮೀ. ಮಾತ್ರ. ಶಾಖ ದಾಟಿ ಬರಬೇಕಾದ ಇಡೀ ಪದರ ನಿಮ್ಮ ಒಂದೇ ಕೋಶದೊಳಗೆ ಅಡಗಿಹೋಗಿದೆ. ಜೊತೆಗೆ, ವಾಲ್ ಫಂಕ್ಷನ್ ಆಧರಿಸಿರುವ ಲಾಗರಿದಮ್ ನಿಯಮವು ಗೋಡೆಗುಂಟ ಸಾಗುವ ಹರಿವಿನದು. ನೇರವಾಗಿ ಎರಗುವ ಹರಿವಿಗೆ ಅದು ಹೊಂದುವುದಿಲ್ಲ. ಮೊದಲ ಕೋಶವನ್ನು 0.01 ಮಿ.ಮೀ.ಗಿಂತ ಕೆಳಗಿಳಿಸಿ, ವೈ ಪ್ಲಸ್ 1ರ ಒಳಗಿರುವಂತೆ ನೋಡಿಕೊಳ್ಳಿ.

ಉತ್ತರ 2

ಮೇಲಿನ ಸಲಹೆ ಸರಿಯಾಗಿದೆ. ಆದರೂ ದುಪ್ಪಟ್ಟಾಗುವುದರ ಮೂಲ ಮಾಡೆಲ್ಲಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಜೆಟ್ಟಿನ ನಡುವೆ ಗಾಳಿಯ ತುಣುಕು ಸುಳಿಯದೆ ಬರೀ ಒಂದು ದಿಕ್ಕಿನಲ್ಲಿ ಹಿಗ್ಗಿ ಇನ್ನೊಂದರಲ್ಲಿ ಕುಗ್ಗುತ್ತದೆ. ಸ್ಟ್ಯಾಂಡರ್ಡ್ ಮಾಡೆಲ್ ಟರ್ಬ್ಯುಲೆನ್ಸ್ ಶಕ್ತಿಯ ಉತ್ಪಾದನೆಯನ್ನು ಈ ವಿರೂಪ ದರದ ವರ್ಗಕ್ಕೆ ಅನುಪಾತವಾಗಿ ಎಣಿಸುವುದರಿಂದ, ವಾಸ್ತವದಲ್ಲಿ ಇಲ್ಲದಷ್ಟು ಟರ್ಬ್ಯುಲೆನ್ಸ್ ಅಲ್ಲಿ ರಾಶಿ ಬೀಳುತ್ತದೆ, ಶಾಖವೂ ಅದೇ ಪ್ರಮಾಣದಲ್ಲಿ ಹೆಚ್ಚಾಗಿ ಸಾಗಿದಂತೆ ತೋರುತ್ತದೆ. ಕ್ಯಾಟೊ ಮತ್ತು ಲಾಂಡರ್ ಸೂಚಿಸಿದ ತಿದ್ದುಪಡಿಯಲ್ಲಿ ಆ ವರ್ಗದ ಬದಲು ವಿರೂಪ ದರ ಮತ್ತು ಸುಳಿ ದರಗಳ ಗುಣಲಬ್ಧ ಬರುತ್ತದೆ. ಸುಳಿ ಇಲ್ಲದ ಕಡೆ ಉತ್ಪಾದನೆಯೂ ತಗ್ಗುತ್ತದೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಎಸ್‌ಎಸ್‌ಟಿ ಅಥವಾ ಡರ್ಬಿನ್ ಅವರ ವಿ ಸ್ಕ್ವೇರ್–ಎಫ್ ಎಂಬ ಬೇರೆ ಟರ್ಬ್ಯುಲೆನ್ಸ್ ಮಾಡೆಲ್ ಇದ್ದರೆ ಅದನ್ನೇ ಬಳಸಿ. ಎರಡನೆಯ ಏರು ಹುಟ್ಟುವುದು, ಹೊರಕ್ಕೆ ವೇಗಗೊಳ್ಳುತ್ತಿದ್ದ ಗಡಿಪದರವು ಒತ್ತಡದ ನೆರವು ತಪ್ಪಿದ ಮೇಲೆ ಟರ್ಬ್ಯುಲೆಂಟ್ ಆಗುವುದರಿಂದ. ಜೆಟ್ಟಿನ ಅಂಚಿನಿಂದ ಬಂದ ಸುಳಿಗಳ ಪಾತ್ರವೂ ಅದರಲ್ಲಿದೆ. ಅದನ್ನು ಹಿಡಿಯುವಲ್ಲಿ ಎಸ್‌ಎಸ್‌ಟಿಗಿಂತ ವಿ ಸ್ಕ್ವೇರ್–ಎಫ್ ಮೇಲು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು, ಸರ್. ನಾಝಲ್ ಬಾಯಲ್ಲಿ ಏಕರೂಪದ ವೇಗ ಕೊಟ್ಟಿದ್ದೇನೆ. ಅದು ಸರಿಯೇ?

ಉತ್ತರ 2

ಸರಿಯಲ್ಲ. ಈ ರೆನಾಲ್ಡ್ಸ್ ಸಂಖ್ಯೆಯ ಪ್ರಸಿದ್ಧ ಅಳತೆಗಳು ಉದ್ದನೆಯ ಪೈಪಿನಿಂದ ಬಂದ, ಪೂರ್ಣ ಬೆಳೆದ (ಮುಂದೆ ಸಾಗಿದರೂ ವೇಗದ ಹಂಚಿಕೆ ಬದಲಾಗದ) ಹರಿವಿನವು. ಅಲ್ಲಿ ನಡುಗೆರೆಯ ವೇಗವು ಸರಾಸರಿಗಿಂತ ಸುಮಾರು ಶೇ. 20ರಷ್ಟು ಹೆಚ್ಚಿರುತ್ತದೆ. ಪೈಪನ್ನು ಬೇರೆಯಾಗಿ ಲೆಕ್ಕ ಹಾಕಿ, ಅದರ ವೇಗವನ್ನೂ ಟರ್ಬ್ಯುಲೆನ್ಸ್ ವಿವರವನ್ನೂ ನಾಝಲ್ ಬಾಯಿಗೆ ಕೊಡಿ. ಬಳಿಕ ಅಂತರವನ್ನು ವ್ಯಾಸದ ಆರರಷ್ಟಕ್ಕೆ ಹೆಚ್ಚಿಸಿ ಮತ್ತೊಮ್ಮೆ ನಡೆಸಿ ನೋಡಿ: ಆಗ ಎರಡನೆಯ ಏರು ಕಾಣಬಾರದು.