ಬಿರುಕು ಬಿಟ್ಟ ಹಲ್ಲು ಉಳಿಯುತ್ತಾ ಅಂತ ಮಷಿನ್ ಲರ್ನಿಂಗ್‌ನಿಂದ ಹೇಳಬಹುದಾ?

ದಾವಣಗೆರೆ_ಎಂಡಿಎಸ್:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂಡಿಎಸ್ (ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ) ಮಾಡುತ್ತಿದ್ದೇನೆ. ಚನ್ನಗಿರಿ ಕಡೆಯಿಂದ ಅಡಿಕೆ ಜಗಿಯುವವರು ತುಂಬಾ ಜನ ಬರುತ್ತಾರೆ. ಕೆಳದವಡೆಯ ಹಲ್ಲಲ್ಲಿ ಬಿರುಕು, ಕಚ್ಚಿ ಬಿಟ್ಟ ತಕ್ಷಣ ಚುಳ್ ಅಂತ ನೋವು, ಎಕ್ಸ್‌ರೇ ತೆಗೆದರೆ ಏನೂ ಕಾಣಲ್ಲ. "ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಉಳಿಯುತ್ತಾ ಮೇಡಂ, ಸುಮ್ನೆ ದುಡ್ಡು ಹಾಕಿ ಆಮೇಲೆ ಕೀಳಿಸೋದಾ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ ಅಲ್ವಾ? ಅದಕ್ಕೇ ಇನ್ನೂರರ ಹತ್ತಿರ ಹಳೇ ಕೇಸ್ ಪೇಪರ್ ಸೇರಿಸಿ ರ‍್ಯಾಂಡಮ್ ಫಾರೆಸ್ಟ್ (ಹಳೇ ಕೇಸುಗಳಿಂದ ಕಲಿತು ಊಹಿಸೋ ಒಂದು ಮಷಿನ್ ಲರ್ನಿಂಗ್ ವಿಧಾನ) ಹಾಕಿ, ಹಲ್ಲು ಉಳಿಯುತ್ತಾ ಇಲ್ವಾ ಅಂತ ಊಹಿಸಿ ನೋಡಿದೆ. ನೂರಕ್ಕೆ ತೊಂಬತ್ತರ ಮೇಲೆ ಸರಿ ಬರುತ್ತಿದೆ. ನಂಬಬಹುದಾ?

ಡೇಟಾ_ಕೆಲಸ:
ಆ ಇನ್ನೂರರಲ್ಲಿ ಕೊನೆಗೆ ಕಿತ್ತಿದ್ದು ಎಷ್ಟು ಮೇಡಂ? ಇಪ್ಪತ್ತೇ ಇದ್ದರೆ, ಕಣ್ಣು ಮುಚ್ಚಿಕೊಂಡು "ಎಲ್ಲಾ ಉಳಿಯುತ್ತೆ" ಅಂದರೂ ನೂರಕ್ಕೆ ತೊಂಬತ್ತು ಸರಿಯೇ. ಕಿತ್ತ ಹಲ್ಲುಗಳಲ್ಲಿ ಎಷ್ಟನ್ನು ಮೊದಲೇ ಹಿಡಿಯಿತು ಅನ್ನೋದನ್ನ ನೋಡಿ. ಒಬ್ಬರದೇ ಎರಡು ಹಲ್ಲಿದ್ದರೆ, ಒಂದು ಟ್ರೇನಿಂಗ್‌ಗೆ ಇನ್ನೊಂದು ಟೆಸ್ಟ್‌ಗೆ ಹೋಗಬಾರದು; ಮಾಡೆಲ್ ಕಲಿಯೋ ಕೇಸು, ಅದನ್ನು ಪರೀಕ್ಷಿಸೋ ಕೇಸು ಬೇರೆ ಬೇರೆ ಜನರದ್ದಾಗಿರಬೇಕು. ಆರು ತಿಂಗಳಿಗೆ ಬರೋದು ನಿಲ್ಲಿಸಿದವರನ್ನು "ಉಳಿದಿದೆ" ಅಂತ ಬರೆದುಕೊಂಡಿದ್ದೀರಾ? ಬೇರೆ ಕಡೆ ಕೀಳಿಸಿರಬಹುದು. ಎಷ್ಟು ದಿನದವರೆಗೆ ಉಳಿದಿತ್ತು ಅನ್ನೋದೂ ಲೆಕ್ಕಕ್ಕೆ ಬರಬೇಕು, ಅದಕ್ಕೆ ಸರ್ವೈವಲ್ ಅನಾಲಿಸಿಸ್ ಇದೆ. ಇಷ್ಟು ಕಡಿಮೆ ಡೇಟಾಗೆ ಕೆಲವೇ ಅಂಶ ಇಟ್ಟು ಕಾಕ್ಸ್ ಮಾಡೆಲ್ (ಸರ್ವೈವಲ್ ಅನಾಲಿಸಿಸ್‌ನ ಒಂದು ಸರಳ ವಿಧಾನ) ಸಾಕು, ಡೀಪ್ ಲರ್ನಿಂಗ್ ಆಸೆ ಬೇಡ.

ದುರ್ಗದ_ಡೆಂಟಿಸ್ಟ್:
ಚಿತ್ರದುರ್ಗದಲ್ಲಿ ಕ್ಲಿನಿಕ್ ನನ್ನದು. ಮಾಡೆಲ್ ಯಾವುದೇ ಇರಲಿ, ಪ್ರೋಬ್ (ಹಲ್ಲು, ವಸಡಿನ ಸಂದಿಯ ಆಳ ಅಳೆಯೋ ಸಣ್ಣ ಕಡ್ಡಿ) ಹಾಕಿ ಅಳೆದದ್ದು ಪೇಪರಿನಲ್ಲಿ ಇದೆಯಾ ಮೊದಲು ನೋಡಿಕೊಳ್ಳಿ. ಹಲ್ಲಿನ ಸುತ್ತ ಎಲ್ಲಾ ಕಡೆ 2-3 ಮಿ.ಮೀ. ಇದ್ದು, ಒಂದೇ ಒಂದು ಜಾಗದಲ್ಲಿ ಪ್ರೋಬ್ ಸರ‍್ರಂತ 7 ಮಿ.ಮೀ. ಇಳಿದರೆ ಬಿರುಕು ಬೇರಿನ ಕಡೆ ಹೋಗಿರೋ ಅನುಮಾನ ಜಾಸ್ತಿ. ಪಲ್ಪ್ ಚೇಂಬರ್ (ಹಲ್ಲಿನೊಳಗೆ ನರ ಇರೋ ಟೊಳ್ಳು ಜಾಗ) ತಳದವರೆಗೆ ಬಿರುಕು ಬಂದಿದ್ದರೂ ಅಷ್ಟೇ, ಭರವಸೆ ಕಡಿಮೆ. ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದವರಿಗೆ ಇದು ಗೊತ್ತಾಗುತ್ತೆ. ಸಿಬಿಸಿಟಿಯಲ್ಲೂ (ಹಲ್ಲು, ದವಡೆಯ 3ಡಿ ಸ್ಕ್ಯಾನ್) ಸಣ್ಣ ಬಿರುಕು ಎಷ್ಟೋ ಸಲ ಕಾಣಲ್ಲ, ಪಕ್ಕದ ಮೂಳೆ ಕರಗಿದ್ದು ಕಾಣಬಹುದು.

ಇನ್ನೊಂದು, ಕ್ಯಾಪ್. ಉಳಿಯುತ್ತೆ ಅನ್ನಿಸಿದ ಹಲ್ಲಿಗೇ ನಾವು ಕ್ಯಾಪ್ ಹಾಕೋದು. ಹಾಗಾಗಿ "ಕ್ಯಾಪ್ ಇದೆ" ಅನ್ನೋ ಕಾಲಂನಲ್ಲಿ ಡಾಕ್ಟರ ಅಂದಾಜೂ ಸೇರಿಕೊಂಡಿರುತ್ತೆ. ಕ್ಯಾಪ್‌ನಿಂದ ಲಾಭ ಇರೋದು ನಿಜ, ಆದರೆ ಎಷ್ಟು ಅಂತ ಈ ಡೇಟಾದಿಂದ ನೇರವಾಗಿ ಹೇಳೋಕೆ ಆಗಲ್ಲ. ರೂಟ್ ಕೆನಾಲ್ ಆಗಿ ನೋವು ಹೋದ ಮೇಲೆ, ಕೊಯ್ಲಿನ ಕೆಲಸ, ಕೈಯಲ್ಲಿ ದುಡ್ಡಿಲ್ಲ ಅಂತ ಕ್ಯಾಪಿಗೆ ಬರದವರೂ ಇದ್ದಾರೆ. ಅಂಥವರ ಹಲ್ಲು ಎರಡು ಹೋಳಾದಾಗ ಹೊಟ್ಟೆ ಉರಿಯುತ್ತೆ. ಕ್ಯಾಪ್ ಯಾಕೆ ಹಾಕಲಿಲ್ಲ ಅನ್ನೋದನ್ನೂ ಬರೆದಿಡಿ.

ದಾವಣಗೆರೆ_ಎಂಡಿಎಸ್:
ಕಿತ್ತಿದ್ದು ನಿಜವಾಗಲೂ ಕಡಿಮೆ ಇದೆ ಸರ್. ಪ್ರೋಬಿಂಗ್ ಅರ್ಧ ಪೇಪರಿನಲ್ಲಿ ಮಾತ್ರ ಇದೆ. ಇನ್ನು ಮುಂದೆ ಬರುವವರಿಗೆ ಹೊಸ ಫಾರಂ ಮಾಡುತ್ತೇನೆ. ಅಡಿಕೆಗೂ ಒಂದು ಕಾಲಂ ಇಡಲಾ? ಬೇರೆ ದೇಶದ ಡೇಟಾದಲ್ಲಿ ಕಲಿತ ಮಾಡೆಲ್‌ಗೆ ನಮ್ಮವರ ಅಡಿಕೆ ಎಲ್ಲಿ ಗೊತ್ತಿರುತ್ತೆ?

ದುರ್ಗದ_ಡೆಂಟಿಸ್ಟ್:
ಖಂಡಿತ ಇಡಿ. "ಹೌದು, ಇಲ್ಲ" ಸಾಲದು. ಗಟ್ಟಿ ಹೋಳು ಕಡಿಯುತ್ತಾರಾ, ಕುಟ್ಟಿ ಹಾಕಿಕೊಳ್ಳುತ್ತಾರಾ, ಯಾವ ಕಡೆ ಜಗಿಯುತ್ತಾರೆ, ಎಷ್ಟು ವರ್ಷದಿಂದ, ಎಲ್ಲಾ ಕೇಳಿ. ಫಾರಂ ರೆಡಿ ಆದರೆ ಇಲ್ಲೇ ಹಾಕಿ, ನಮ್ಮ ಕ್ಲಿನಿಕ್‌ನಲ್ಲೂ ತುಂಬಿಸುತ್ತೇನೆ.