ಎಂಎಸ್ಸಿ ವಿದ್ಯಾರ್ಥಿಗಳಿಗೆ ಗಣಕೀಯ ರಸಾಯನಶಾಸ್ತ್ರದ ಎರಡು ದಿನಗಳ ಪ್ರಾಯೋಗಿಕ ತರಬೇತಿ: ಯಾವ ಅಣು, ಯಾವ ತಂತ್ರಾಂಶ, ಯಾವ ಗ್ರಾಫ್?

ಪ್ರಶ್ನೆ: ರಸಾಯನಶಾಸ್ತ್ರ ಉಪನ್ಯಾಸಕಿ, ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಸ್ನಾತಕೋತ್ತರ ವಿಭಾಗದಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ಗಣಕೀಯ ರಸಾಯನಶಾಸ್ತ್ರದ ಎರಡು ದಿನಗಳ ತರಬೇತಿಯನ್ನು ಏರ್ಪಡಿಸಬೇಕೆಂದಿದ್ದೇವೆ. ಅಣುವಿನ ಎಲೆಕ್ಟ್ರಾನುಗಳ ಶಕ್ತಿಯನ್ನು ಲೆಕ್ಕ ಹಾಕುವ ಹಾರ್ಟ್ರಿ–ಫಾಕ್ ವಿಧಾನವನ್ನೂ ಡೆನ್ಸಿಟಿ ಫಂಕ್ಷನಲ್ ಸಿದ್ಧಾಂತದ ಪರಿಚಯವನ್ನೂ ಅವರು ತರಗತಿಯಲ್ಲಿ ಓದಿದ್ದಾರೆ, ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಒಂದು ಅಣುವಿನ ಶಕ್ತಿಯನ್ನು ತಾವೇ ಲೆಕ್ಕ ಹಾಕಿಸಿ ನೋಡಿದವರು ಅವರಲ್ಲಿ ಒಬ್ಬರೂ ಇಲ್ಲ.

ಹಿಂದೆ ನಾನು ಭಾಗವಹಿಸಿದ್ದ ಒಂದು ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಗಳು ಪರದೆಯ ಮೇಲೆ ಒಂದಾದ ಮೇಲೊಂದು ಗುಂಡಿ ಒತ್ತುತ್ತಾ ಹೋದರು, ನಾವು ಅದನ್ನೇ ಅನುಕರಿಸಿದೆವು, ಕೊನೆಗೆ ಪ್ರೋಟೀನಿನೊಳಗೆ ಔಷಧದ ಅಣು ಕುಳಿತಿರುವ ಬಣ್ಣದ ಚಿತ್ರವೊಂದು ಎಲ್ಲರ ಪರದೆಯ ಮೇಲೂ ಮೂಡಿತು. ಆ ಚಿತ್ರ ಏನನ್ನು ಸಾಧಿಸಿತು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಮಾತು ಮಾತ್ರ ಎರಡೂ ದಿನ ಬರಲಿಲ್ಲ. ನಮ್ಮ ಮಕ್ಕಳಿಗೆ ಹಾಗಾಗಬಾರದು ಎಂಬುದು ನನ್ನ ಕಾಳಜಿ.

ಪ್ರಯೋಗಾಲಯದಲ್ಲಿ ವಿಂಡೋಸ್ ಇರುವ, 8 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರುಗಳಿವೆ. ತಂತ್ರಾಂಶ ಕೊಳ್ಳಲು ಹಣವಿಲ್ಲ. ಯಾವ ಅಣುವಿನಿಂದ ಆರಂಭಿಸಬೇಕು, ಲೆಕ್ಕದಿಂದ ಬಂದ ಅಂಕಿಗಳನ್ನು ಗ್ರಾಫ್ ಮಾಡುವುದನ್ನು ಎಷ್ಟು ಆಳವಾಗಿ ಕಲಿಸಬೇಕು ಎಂಬುದರ ಬಗ್ಗೆ ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸಂಶೋಧಕ, ಬೆಂಗಳೂರು

ಮೇಡಂ, ಪ್ರೋಟೀನನ್ನು ಸದ್ಯಕ್ಕೆ ದೂರವಿಡಿ. ಉತ್ತರ ಮೊದಲೇ ಗೊತ್ತಿರುವ, ಪ್ರಯೋಗದಿಂದ ಅಳೆದಿರುವ ಸಣ್ಣ ಅಣುವನ್ನೇ ತೆಗೆದುಕೊಳ್ಳಿ. ಲೆಕ್ಕ ಎಷ್ಟು ಸರಿ, ಎಲ್ಲಿ ತಪ್ಪುತ್ತದೆ ಎಂಬುದನ್ನು ವಿದ್ಯಾರ್ಥಿ ಅಳೆದು ನೋಡಲು ಸಾಧ್ಯವಾಗುವುದು ಆಗ ಮಾತ್ರ. 1998ರಲ್ಲಿ ವಾಲ್ಟರ್ ಕೋನ್ ಮತ್ತು ಜಾನ್ ಪೋಪಲ್ ಅವರಿಗೆ ನೊಬೆಲ್ ತಂದುಕೊಟ್ಟ ವಿಧಾನಗಳು ಇಂದು ನಿಮ್ಮ ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತವೆ. ಲೆಕ್ಕ ಮುಗಿಯುವುದು ಕಷ್ಟವಲ್ಲ, ಬಂದದ್ದನ್ನು ಪರೀಕ್ಷಿಸುವುದನ್ನು ಕಲಿಸಬೇಕು.

ತಂತ್ರಾಂಶಕ್ಕೆ ಓರ್ಕಾ ಸಾಕು. ಶೈಕ್ಷಣಿಕ ಬಳಕೆಗೆ ನೋಂದಣಿ ಮಾಡಿಕೊಂಡರೆ ಉಚಿತ. ಸಂಪೂರ್ಣ ಮುಕ್ತ ತಂತ್ರಾಂಶವೇ ಬೇಕೆಂದರೆ ಸೈ4 ಇದೆ, ಪೈಥಾನ್ ಬಲ್ಲವರಿಗೆ ಅದು ಹೆಚ್ಚು ಹಿತ. ಅಣುವನ್ನು ರಚಿಸಲು ಅವೊಗಾಡ್ರೊ.

ಮೊದಲ ದಿನ ನೀರು. ರಚನೆಯನ್ನು ಆಪ್ಟಿಮೈಸ್ ಮಾಡಿಸಿ (ಅಂದರೆ ಶಕ್ತಿ ಕನಿಷ್ಠವಾಗುವ ಆಕಾರವನ್ನು ಹುಡುಕಿಸಿ), ಬಂಧಕೋನವನ್ನು ಪ್ರಯೋಗದ 104.5 ಡಿಗ್ರಿಯೊಂದಿಗೆ ಹೋಲಿಸಲು ಹೇಳಿ. ಆಮೇಲೆ ಕಂಪನಗಳ ಲೆಕ್ಕ. ಅನಿಲ ಸ್ಥಿತಿಯ ನೀರಿನ ಮೂರು ಕಂಪನಗಳ ತರಂಗಸಂಖ್ಯೆ ಪ್ರತಿ ಸೆಂಟಿಮೀಟರಿಗೆ 1595, 3657 ಮತ್ತು 3756. ಬಿ3ಎಲ್‌ವೈಪಿಯಿಂದ (ಇದು ಬಹುಬಳಕೆಯ ಒಂದು ಡೆನ್ಸಿಟಿ ಫಂಕ್ಷನಲ್) ಬರುವ ಹಿಗ್ಗುವ ಕಂಪನಗಳ ಬೆಲೆ ಇವುಗಳಿಗಿಂತ ಸ್ಪಷ್ಟವಾಗಿ ಹೆಚ್ಚಿರುತ್ತದೆ. ಏಕೆಂದು ಅವರೇ ಕೇಳುವವರೆಗೆ ಕಾಯಿರಿ. ಲೆಕ್ಕವು ಬಂಧವನ್ನು ಆದರ್ಶ ಸ್ಪ್ರಿಂಗ್ ಎಂದು ಭಾವಿಸುತ್ತದೆ, ನಿಜವಾದ ಬಂಧ ಹಾಗಿಲ್ಲ ಎಂಬುದನ್ನು ಆಗ ಹೇಳಿದರೆ, ಸುಮಾರು 0.96ರಿಂದ ಗುಣಿಸುವ ರೂಢಿ ಎಲ್ಲಿಂದ ಬಂತು ಎಂಬುದು ಬಾಯಿಪಾಠವಾಗದೆ ಅರ್ಥವಾಗುತ್ತದೆ.

ಎರಡನೆಯ ದಿನ ಪೂರ್ತಿ ಬ್ಯೂಟೇನ್. ನಡುವಿನ ಇಂಗಾಲ–ಇಂಗಾಲ ಬಂಧದ ಡೈಹೆಡ್ರಲ್ ಕೋನವನ್ನು (ಆ ಬಂಧದ ಸುತ್ತಲಿನ ತಿರುಚುಕೋನ) 180ರಿಂದ ಸೊನ್ನೆಯವರೆಗೆ 15 ಡಿಗ್ರಿಗಳ ಅಂತರದಲ್ಲಿ ತಿರುಗಿಸುತ್ತಾ, ಪ್ರತಿ ಕೋನದಲ್ಲೂ ಉಳಿದ ರಚನೆಯನ್ನು ಆಪ್ಟಿಮೈಸ್ ಮಾಡುವ ಸ್ಕ್ಯಾನ್ ಮಾಡಿಸಿ. ಒಟ್ಟು 13 ಬಿಂದುಗಳು. ಬಿ3ಎಲ್‌ವೈಪಿ ಜೊತೆಗೆ ದುರ್ಬಲ ಪ್ರಸರಣ ಆಕರ್ಷಣೆಗಾಗಿ ಡಿ3 ತಿದ್ದುಪಡಿ, ಬೇಸಿಸ್ ಸೆಟ್ (ಆರ್ಬಿಟಲ್ಲುಗಳನ್ನು ಕಟ್ಟಲು ಬಳಸುವ ಗಣಿತ ಫಲನಗಳ ಗುಂಪು) ಡೆಫ್2-ಎಸ್‌ವಿಪಿ ಇದ್ದರೆ ತರಗತಿಯ ಅವಧಿಯೊಳಗೇ ಮುಗಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಓರ್ಕಾ ಪರಮಾಣುಗಳನ್ನು ಸೊನ್ನೆಯಿಂದ ಎಣಿಸುತ್ತದೆ, ರಚನೆ ಬಿಡಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಒಂದರಿಂದ ಎಣಿಸುತ್ತವೆ. ಇದನ್ನು ಗಮನಿಸದಿದ್ದರೆ ಇಂಗಾಲದ ಬದಲು ಒಂದು ಹೈಡ್ರೋಜನ್ ಸೇರಿಕೊಂಡ ಬೇರೆಯೇ ಕೋನ ತಿರುಗುತ್ತದೆ, ತಂತ್ರಾಂಶವು ಯಾವ ದೋಷವನ್ನೂ ತೋರಿಸದೆ ಲೆಕ್ಕವನ್ನು ಮುಗಿಸಿಕೊಡುತ್ತದೆ. ಆದ್ದರಿಂದ ಸ್ಕ್ಯಾನಿನ ರಚನೆಗಳನ್ನು ಒಂದರ ನಂತರ ಒಂದಾಗಿ ಓಡಿಸಿ, ತಿರುಗುತ್ತಿರುವುದು ಮೀಥೈಲ್ ಗುಂಪುಗಳ ನಡುವಿನ ಕೋನವೇ ಎಂಬುದನ್ನು ಕಣ್ಣಾರೆ ನೋಡಿದ ಮೇಲೆಯೇ ಅಂಕಿಗಳಿಗೆ ಕೈಹಾಕಲಿ.

ಸ್ಕ್ಯಾನ್ ಮುಗಿದ ಮೇಲೆ ಎರಡು ಕಾಲಮ್ಮುಗಳ ಸರಳ ಫೈಲೊಂದು ಸಿಗುತ್ತದೆ: ಕೋನ, ಮತ್ತು ಹಾರ್ಟ್ರಿ ಏಕಮಾನದಲ್ಲಿ ಶಕ್ತಿ. ಎಲ್ಲ ಸಾಲುಗಳಲ್ಲೂ ಶಕ್ತಿ ಮೈನಸ್ 158ರ ಆಸುಪಾಸಿನಲ್ಲೇ ಇದ್ದು, ಆಂಟಿ (ಮೀಥೈಲ್ ಗುಂಪುಗಳು ವಿರುದ್ಧ ದಿಕ್ಕಿನಲ್ಲಿರುವ, 180 ಡಿಗ್ರಿಯ) ಮತ್ತು ಗೌಶ್ (ಅವು ಹತ್ತಿರವಿರುವ, 60 ಡಿಗ್ರಿಯ ಆಸುಪಾಸಿನ) ರೂಪಗಳ ವ್ಯತ್ಯಾಸ ದಶಮಾಂಶದ ಮೂರನೆಯ ಸ್ಥಾನದಲ್ಲಿ ಅಡಗಿರುತ್ತದೆ. ಎರಡು ದಶಮಾಂಶಕ್ಕೆ ಪೂರ್ಣಾಂಕಿಸಿದರೆ ಇಡೀ ರಸಾಯನಶಾಸ್ತ್ರವೇ ಮಾಯ. ಕನಿಷ್ಠ ಶಕ್ತಿಯನ್ನು ಎಲ್ಲದರಿಂದ ಕಳೆದು 2625.5ರಿಂದ ಗುಣಿಸಿದರೆ ಮೋಲಿಗೆ ಕಿಲೋಜೂಲ್ ಬರುತ್ತದೆ. ಈ ಕಳೆಯುವಿಕೆ, ಗುಣಾಕಾರಗಳನ್ನು ವಿದ್ಯಾರ್ಥಿಗಳೇ ಮಾಡಲಿ, ಸಿದ್ಧ ತಂತ್ರಾಂಶಕ್ಕೆ ಒಪ್ಪಿಸಬೇಡಿ.

ಉತ್ತರ 2: ವೈಜ್ಞಾನಿಕ ಚಿತ್ರಣದ ಕೆಲಸ ಮಾಡುವವರು, ಮೈಸೂರು

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಹಮತವಿದೆ. ಚಿತ್ರಣದ ಭಾಗವನ್ನು ಮಾತ್ರ ಸ್ವಲ್ಪ ವಿಸ್ತರಿಸುತ್ತೇನೆ.

ಬ್ಯೂಟೇನಿನ ಗ್ರಾಫನ್ನು ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬರೆಸಿ. ಹತ್ತು ಸಾಲುಗಳ ಕೋಡ್ ಸಾಕಾಗುತ್ತದೆ. ಲೆಕ್ಕ ಹಾಕಿದ ಬಿಂದುಗಳು ಚುಕ್ಕೆಗಳಾಗಿ ಕಾಣಲೇಬೇಕು. ನುಣುಪಾದ ವಕ್ರರೇಖೆಯೊಂದನ್ನೇ ಎಳೆದರೆ, ಅದು 13 ಲೆಕ್ಕಗಳಿಂದ ಬಂದದ್ದೋ ನೂರರಿಂದ ಬಂದದ್ದೋ ನೋಡುವವರಿಗೆ ತಿಳಿಯುವುದಿಲ್ಲ, ಬಿಂದುಗಳು ವಿರಳವಾಗಿದ್ದಾಗ ರೇಖೆಯು ಇಲ್ಲದ ತಗ್ಗುಗಳನ್ನೂ ತೋರಿಸಬಹುದು. 180ರಿಂದ 360ರವರೆಗಿನ ಭಾಗವನ್ನು ಸಮ್ಮಿತಿಯಿಂದ ಪಡೆದಿದ್ದರೆ ಆ ಚುಕ್ಕೆಗಳನ್ನು ಖಾಲಿ ವೃತ್ತಗಳಾಗಿ ಬಿಡಿಸಿ, ಅಡಿಬರಹದಲ್ಲಿ ಹಾಗೆಂದು ಹೇಳಬೇಕು. ಶಕ್ತಿಯ ಸೊನ್ನೆ ಯಾವುದು, ಫಂಕ್ಷನಲ್ ಯಾವುದು, ಬೇಸಿಸ್ ಸೆಟ್ ಯಾವುದು ಎಂಬುದೂ ಅಡಿಬರಹದಲ್ಲಿರಲಿ.

ಹೆಚ್ಚು ಸಮಯ ಕೊಡಬೇಕಾದದ್ದು ಬಣ್ಣಕ್ಕೆ. ಸ್ಥಾಯೀವಿದ್ಯುತ್ ವಿಭವದ ಚಿತ್ರವನ್ನು (ಅಣುವಿನ ಮೇಲ್ಮೈಯಲ್ಲಿ ಋಣ ವಿಭವದ ಭಾಗವನ್ನು ಕೆಂಪಾಗಿ ತೋರಿಸುವ ಚಿತ್ರ) ನೀರಿಗೂ ಬೆಂಜೀನಿಗೂ ಮಾಡಿಸಿ, ಮೊದಲು ಬಣ್ಣದ ವ್ಯಾಪ್ತಿಯನ್ನು ತಂತ್ರಾಂಶವೇ ಆರಿಸಿಕೊಳ್ಳಲು ಬಿಡಿ. ಬೆಂಜೀನ್ ಉಂಗುರದ ನಡುಭಾಗವು ನೀರಿನ ಆಮ್ಲಜನಕದಷ್ಟೇ ಗಾಢ ಕೆಂಪಾಗಿ ಕಾಣುತ್ತದೆ. ಆಮೇಲೆ ಎರಡಕ್ಕೂ ಒಂದೇ ವ್ಯಾಪ್ತಿಯನ್ನು ನಿಗದಿಪಡಿಸಿದರೆ ಬೆಂಜೀನಿನ ಕೆಂಪು ಮಸುಕಾಗುತ್ತದೆ. ದತ್ತಾಂಶದಲ್ಲಿ ಒಂದು ಅಂಕಿಯೂ ಬದಲಾಗಿಲ್ಲ, ಆದರೂ ಚಿತ್ರ ಹೇಳುವ ಮಾತು ಬದಲಾಯಿತು. ನೀವು ಹೇಳಿದ ತರಬೇತಿಯಲ್ಲಿ ಕಾಣೆಯಾಗಿದ್ದ ಚರ್ಚೆ ಇದೇ ಎಂದು ನನಗನಿಸುತ್ತದೆ. ಆರ್ಬಿಟಲ್ ಚಿತ್ರಗಳಿಗೂ ಇದು ಅನ್ವಯಿಸುತ್ತದೆ: ಸಮಮೌಲ್ಯ ಮೇಲ್ಮೈಯ (ಆರ್ಬಿಟಲ್ಲಿನ ಬೆಲೆ ಒಂದೇ ಆಗಿರುವ ಬಿಂದುಗಳನ್ನು ಸೇರಿಸುವ ಮೇಲ್ಮೈ) ಬೆಲೆಯನ್ನು 0.05ರಿಂದ 0.02ಕ್ಕೆ ಇಳಿಸಿದರೆ ಅದೇ ಆರ್ಬಿಟಲ್ ಉಬ್ಬಿ ಪಕ್ಕದ ಪರಮಾಣುವನ್ನೂ ಆವರಿಸಿದಂತೆ ಕಾಣಬಹುದು, ಹಾಗಾಗಿ ಆ ಬೆಲೆಯನ್ನು ಬರೆಯದ ಆರ್ಬಿಟಲ್ ಚಿತ್ರವನ್ನು ವಿದ್ಯಾರ್ಥಿಗಳಿಂದ ಸ್ವೀಕರಿಸಲೇಬೇಡಿ.

ಕಾಮನಬಿಲ್ಲಿನ ಬಣ್ಣಗಳ ಪಟ್ಟಿಯನ್ನು ಕೈಬಿಡಿ. ಅದರಲ್ಲಿ ಹಳದಿಯ ಬಳಿ ಇಲ್ಲದ ಅಂಚು ಕಾಣುತ್ತದೆ, ಹಸಿರಿನ ಉದ್ದಕ್ಕೂ ಇರುವ ವ್ಯತ್ಯಾಸ ಕಾಣುವುದಿಲ್ಲ. ಮ್ಯಾಟ್‌ಪ್ಲಾಟ್‌ಲಿಬ್ ಕೂಡ 2017ರಲ್ಲಿ ಬಂದ ತನ್ನ 2.0 ಆವೃತ್ತಿಯಿಂದ ಹಳೆಯ ಜೆಟ್ ಪಟ್ಟಿಯನ್ನು ಬಿಟ್ಟು ವಿರಿಡಿಸ್ ಅನ್ನು ಮೂಲ ಆಯ್ಕೆಯಾಗಿಸಿದೆ. ಕೆಂಪು–ಹಸಿರು ಬೇರ್ಪಡಿಸಲಾಗದವರಿಗೂ ಕಪ್ಪು-ಬಿಳುಪು ಮುದ್ರಣಕ್ಕೂ ಅದು ಒದಗುತ್ತದೆ.

ಇನ್ನೊಂದು ಮಾತು ಕನ್ನಡದಲ್ಲಿ ಕಲಿಸುವವರಿಗಾಗಿ. ಅಕ್ಷಗಳ ಹೆಸರನ್ನು ಕನ್ನಡದಲ್ಲಿ ಬರೆದರೆ ಮ್ಯಾಟ್‌ಪ್ಲಾಟ್‌ಲಿಬ್‌ನ ಮೂಲ ಫಾಂಟಿನಲ್ಲಿ ಖಾಲಿ ಚೌಕಗಳು ಬರುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಸೂಚಿಸಿದರೂ ನಮ್ಮಲ್ಲಿ ಬಳಕೆಯಲ್ಲಿರುವ ಆವೃತ್ತಿಗಳಲ್ಲಿ ಒತ್ತಕ್ಷರಗಳು ಒಡೆಯುತ್ತವೆ, "ಶಕ್ತಿ" ಎಂಬುದು "ಶಕ್‌ತಿ"ಯಂತೆ ಬಿಡಿಬಿಡಿಯಾಗಿ ಮೂಡುತ್ತದೆ. ಗ್ರಾಫನ್ನು ಎಸ್‌ವಿಜಿ ರೂಪದಲ್ಲಿ ಉಳಿಸಿ, ಕನ್ನಡ ಹೆಸರುಗಳನ್ನು ಚಿತ್ರ ತಿದ್ದುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಸೇರಿಸಿದರೆ ಅಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ.

ಉತ್ತರ 3: ಕಂಪ್ಯೂಟರ್ ಪ್ರಯೋಗಾಲಯದ ಉಸ್ತುವಾರಿ, ದಾವಣಗೆರೆ

ತಂತ್ರಾಂಶವನ್ನು ತರಬೇತಿಯ ದಿನ ಇಳಿಸಿಕೊಳ್ಳಲು ಹೋಗಬೇಡಿ, ಓರ್ಕಾದ ಗಾತ್ರ ದೊಡ್ಡದು. ವಾರ ಮೊದಲೇ ಎಲ್ಲ ಯಂತ್ರಗಳಲ್ಲೂ ಸ್ಥಾಪಿಸಿ ನೀರಿನ ಲೆಕ್ಕವೊಂದನ್ನು ಓಡಿಸಿ ನೋಡಿ. ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗವಾಗಲಿ ಕನ್ನಡ ಅಕ್ಷರವಾಗಲಿ ಇರದಿರುವುದು ಕ್ಷೇಮ. ಹಲವು ಕೋರ್‌ಗಳನ್ನು ಬಳಸುವುದಾದರೆ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಎಂಪಿಐ (ಕೋರ್‌ಗಳ ನಡುವೆ ಸಂವಹನ ನಡೆಸುವ ತಂತ್ರಾಂಶ) ಬೇಕು, ಓರ್ಕಾವನ್ನು ಅದರ ಪೂರ್ಣ ವಿಳಾಸ ಕೊಟ್ಟೇ ಕರೆಯಬೇಕು. ಇನ್‌ಪುಟ್ ಫೈಲಿನಲ್ಲಿ ಕೊಡುವ ಮ್ಯಾಕ್ಸ್‌ಕೋರ್ ಎಂಬ ಮೆಮೊರಿಯ ಮಿತಿ ಒಂದೊಂದು ಕೋರ್‌ಗೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ನಾಲ್ಕು ಕೋರ್‌ಗಳಿಗೆ 3000 (ಎಂಬಿ) ಎಂದು ಬರೆದರೆ 12 ಜಿಬಿ ಕೇಳಿದಂತೆ, ನಿಮ್ಮ 8 ಜಿಬಿ ಯಂತ್ರ ಅಲ್ಲಿಯೇ ತೆವಳಲಾರಂಭಿಸುತ್ತದೆ. ನೀರು, ಬ್ಯೂಟೇನ್‌ಗಳಿಗೆ ಒಂದೇ ಕೋರ್ ಸಾಕು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ರಸಾಯನಶಾಸ್ತ್ರ ಉಪನ್ಯಾಸಕಿ, ಹಾಸನ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಬ್ಯೂಟೇನ್ ಸ್ಕ್ಯಾನನ್ನು ಮೊದಲು ನಾನೇ ಮಾಡಿ ನೋಡಿದೆ. ಆಕಾರ ಪಠ್ಯಪುಸ್ತಕದಂತೆಯೇ ಬಂದಿದೆ. ಆದರೆ ಆಂಟಿಗಿಂತ ಗೌಶ್ ರೂಪದ ಶಕ್ತಿ ಮೋಲಿಗೆ 3.8 ಕಿಲೋಜೂಲ್ ಹೆಚ್ಚು ಎಂದು ನಾವು ಕಲಿಸುತ್ತಾ ಬಂದಿದ್ದೇವೆ, ಇಲ್ಲಿ ಅದು ಗಮನಾರ್ಹವಾಗಿ ಕಡಿಮೆ ಬಂದಿದೆ. ವಿದ್ಯಾರ್ಥಿಗಳು ಪುಸ್ತಕ ಸರಿಯೋ ಕಂಪ್ಯೂಟರ್ ಸರಿಯೋ ಎಂದು ಕೇಳಿದರೆ ಏನು ಹೇಳಲಿ?

ಉತ್ತರ 1ರ ಮುಂದುವರಿಕೆ: ಸಂಶೋಧಕ, ಬೆಂಗಳೂರು

ಮೇಡಂ, ಈ ಪ್ರಶ್ನೆ ಬರಲೆಂದೇ ಬ್ಯೂಟೇನನ್ನು ಸೂಚಿಸಿದ್ದು. 3.8 ಎಂಬುದು ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ನೆಲೆನಿಂತ ಸಂಖ್ಯೆ. ಅನಿಲ ಸ್ಥಿತಿಯ ಬ್ಯೂಟೇನಿನ ಮೇಲೆ 1990ರ ದಶಕದಿಂದ ಈಚೆಗೆ ನಡೆದ ರೋಹಿತ ಅಧ್ಯಯನಗಳು ಮೋಲಿಗೆ ಸುಮಾರು 2.8 ಕಿಲೋಜೂಲ್ ಕೊಡುತ್ತವೆ. ಗೌಶ್ ರೂಪದಲ್ಲಿ ಎರಡು ಮೀಥೈಲ್ ಗುಂಪುಗಳು ಹತ್ತಿರ ಬರುತ್ತವೆ. ಅವುಗಳ ನಡುವಿನ ದುರ್ಬಲ ಪ್ರಸರಣ ಆಕರ್ಷಣೆಯನ್ನು ಬಿ3ಎಲ್‌ವೈಪಿ ತಾನಾಗಿ ಹಿಡಿಯುವುದಿಲ್ಲ, ಡಿ3 ತಿದ್ದುಪಡಿ ಅದನ್ನು ಸೇರಿಸುತ್ತದೆ, ಆದ್ದರಿಂದ ಅಂತರ ಕುಗ್ಗುತ್ತದೆ. ಅರ್ಧ ತರಗತಿಗೆ ಡಿ3 ಇಲ್ಲದೆ, ಇನ್ನರ್ಧಕ್ಕೆ ಡಿ3 ಸಹಿತ ಸ್ಕ್ಯಾನ್ ಮಾಡಿಸಿ, ವ್ಯತ್ಯಾಸ ಅವರ ಅಂಕಿಗಳಿಂದಲೇ ಹೊರಬರಲಿ.

ಒಂದು ಕಿಲೋಜೂಲಿಗೆ ಇಷ್ಟೊಂದು ಚರ್ಚೆಯೇ ಎನ್ನುವವರಿಗೆ ಬೋಲ್ಟ್ಸ್‌ಮನ್ ಲೆಕ್ಕವನ್ನು (ಯಾವ ರೂಪದಲ್ಲಿ ಎಷ್ಟು ಪಾಲು ಅಣುಗಳಿರುತ್ತವೆ ಎಂಬುದರ ಲೆಕ್ಕ) ಕೊಡಿ. ಗೌಶ್ ರೂಪಗಳು ಎರಡು ಎಂಬುದನ್ನು ಸೇರಿಸಿಕೊಂಡು, ಶಕ್ತಿಯ ಅಂತರವನ್ನೇ ಮುಕ್ತಶಕ್ತಿಯ ಅಂತರವೆಂದು ಭಾವಿಸಿದರೆ, 298 ಕೆಲ್ವಿನ್‌ನಲ್ಲಿ 3.8ಕ್ಕೆ ಆಂಟಿಯ ಪಾಲು ಸುಮಾರು ಶೇ. 70, 2.8ಕ್ಕೆ ಸುಮಾರು ಶೇ. 61.

ಎರಡು ಸಣ್ಣ ವಿಷಯಗಳು. ಗೌಶ್‌ನ ತಗ್ಗು ಸರಿಯಾಗಿ 60 ಡಿಗ್ರಿಯಲ್ಲಿರುವುದಿಲ್ಲ, 65ರ ಸುಮಾರಿಗೆ ಇರುತ್ತದೆ. ಸ್ಕ್ಯಾನಿನ 60 ಡಿಗ್ರಿಯ ರಚನೆಯನ್ನು ತೆಗೆದುಕೊಂಡು, ನಿರ್ಬಂಧ ತೆಗೆದು ಮತ್ತೊಮ್ಮೆ ಆಪ್ಟಿಮೈಸ್ ಮಾಡಿದ ಮೇಲೆ ಬರುವ ಶಕ್ತಿಯನ್ನೇ ಹೋಲಿಕೆಗೆ ಬಳಸಿ. ಹಾಗೆಯೇ, ಯಾರಾದರೂ ಗಾಸಿಯನ್ ತಂತ್ರಾಂಶದ ಒಟ್ಟು ಶಕ್ತಿಯೊಂದಿಗೆ ತಾಳೆ ನೋಡಿದರೆ ಬಿ3ಎಲ್‌ವೈಪಿ ಎಂದೇ ಬರೆದಿದ್ದರೂ ಅಂಕಿಗಳು ಹೊಂದುವುದಿಲ್ಲ, ಏಕೆಂದರೆ ಎರಡು ತಂತ್ರಾಂಶಗಳು ಆ ಫಂಕ್ಷನಲ್‌ನ ಒಂದು ಘಟಕವನ್ನು ಬೇರೆ ಬೇರೆ ರೀತಿ ವ್ಯಾಖ್ಯಾನಿಸಿವೆ. ಡಿ3 ಇರುವ ಮತ್ತು ಇಲ್ಲದ ರೇಖೆಗಳನ್ನು ಒಂದೇ ಗ್ರಾಫಿನಲ್ಲಿ ಬರೆಸುವಾಗಲೂ ಒಟ್ಟು ಶಕ್ತಿಗಳನ್ನು ನೇರವಾಗಿ ಇಡದೆ, ಪ್ರತಿಯೊಂದರ ಸೊನ್ನೆಯನ್ನು ಅದರದೇ ಆಂಟಿ ರೂಪಕ್ಕೆ ಹೊಂದಿಸಲು ಹೇಳಿ.