ಗೌಡ್ರ ವಾಪಸ್ ಬಸ್ಸು

ಈಗ ನಮ್ಮೂರಲ್ಲಿ ಹೊಸ ಖಾಯಿಲೆ ಶುರುವಾಗಿದೆ, ಬೆಳಗ್ಗೆ ಎದ್ದು ಹಲ್ಲುಜ್ಜೋಕೂ ಮುಂಚೆ ವಾಟ್ಸಾಪಲ್ಲಿ 'ಹೊರಗಿನವರೇ ತೊಲಗಿ' ಅಂತ ಸ್ಟೇಟಸ್ ಹಾಕೋದು. ಗೌಡ್ರೂ ಹಾಕಿದ್ರು. ಹಿಂದೆ ಹುಲಿ ಚಿತ್ರ ಬೇರೆ.

"ಎಂಥ ಗೌಡ್ರೇ, ಯಾರು ತೊಲಗ್ಬೇಕು?" ಅಂದೆ, ಶೆಟ್ರ ಹೋಟ್ಲಲ್ಲಿ.

"ಈ ಅಸ್ಸಾಮಿನವ್ರು ಮಾರಾಯ. ಸಂತೆಗೆ ಹೋದ್ರೆ ಕನ್ನಡ ಕಿವಿಗ್ ಬೀಳಲ್ಲ. ಎಲ್ರನ್ನೂ ಒಂದ್ ಬಸ್ಸಿಗೆ ತುಂಬಿ ವಾಪಸ್ ಕಳಿಸ್ಬೇಕು."

"ಆಗ್ಲಿ, ಡೀಸೆಲ್ ದುಡ್ಡು ನಂದು. ನಿಮ್ ತೋಟದ ಲೈನ್ ಮನೇಲಿರೋ ಕೂಲಿಯೋರನ್ನ ಮೊದ್ಲು ಹತ್ಸಿ."

"ಈಗ್ಲೇ ಬೇಡ. ರೋಬಸ್ಟಾ ಕಾಫಿ ಹಣ್ಣಾಗಿ ನಿಂತಿದೆ."

"ಆಮೇಲೆ?" ಅಂದ ಸೀನ.

"ಆಮೇಲೆ ಮೆಣಸು ಕೊಯ್ಲು."

"ಅದಾದ್ಮೇಲೆ?"

"ಮಳೆಗ್ ಮುಂಚೆ ನೆರಳಿನ ಮರದ ರೆಂಬೆ ಕಡ್ದು ಮರಗಸಿ ಆಗ್ಬೇಕಲ್ಲೋ! ಅದಿರ್ಲಿ, ನಮ್ ಹುಡುಗ್ರ ಕೆಲ್ಸ ಹೋಯ್ತಲ್ಲ, ಅದಕ್ಕೇನ್ ಹೇಳ್ತೀರಿ?"

"ಯಾವ ಹುಡುಗ್ರು ಗೌಡ್ರೇ? ಸೀನನ ತಮ್ಮ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾನೆ, ಅವನ ಹೆಂಡ್ತಿ ಕಡೆಯೋರೆಲ್ಲಾ ಅಲ್ಲೇ ಗಾರ್ಮೆಂಟ್ಸಲ್ಲಿ, ಈ ಊರಲ್ಲಿ ಮೀಸೆ ಕಪ್ಪಗಿರೋ ಗಂಡಸ್ರನ್ನ ನೋಡ್ಬೇಕು ಅಂದ್ರೆ ಸುಗ್ಗಿಹಬ್ಬದ ತನಕ ಕಾಯ್ಬೇಕು. ಇನ್ನೊಂದು ಸಮಸ್ಯೆ. ಬಸ್ಸು ಅಸ್ಸಾಮಿಗ್ ಹೋಯ್ತು ಅಂತಿಟ್ಕೊಳಿ. ಅಲ್ಲಿ ಟೀ ತೋಟಕ್ಕೆ ಬ್ರಿಟಿಷ್ರ ಕಾಲದಲ್ಲಿ ಛೋಟಾ ನಾಗಪುರದ, ಅಂದ್ರೆ ಈಗಿನ ಜಾರ್ಖಂಡ್ ಕಡೆಯಿಂದ ಜನ ತಂದು ತುಂಬಿದ್ರು. ಅವ್ರ ಮೊಮ್ಮಕ್ಕಳ ಮಕ್ಕಳು ಈ ಬಸ್ಸಲ್ಲಿದ್ರೆ, ಅಲ್ಲಿಯೋರು ಇಳಿಸ್ಕೊಳ್ದೇ ಜಾರ್ಖಂಡಿಗೆ ಹೋಗಿ ಅಂತಾರೆ. ಸ್ಟಾಪ್ ಜಾಸ್ತಿ ಆಗುತ್ತೆ."

"ಆಗ್ಲಿ ಬಿಡಿ."

"ಡ್ರೈವರ್ ಯಾರು? ನಮ್ ರೂಟಿನವನು ಬಾಗಲಕೋಟೆ ಕಡೆಯೋನು."

"ಅವ್ನು ಕರ್ನಾಟಕದವ್ನೇ!"

"ಮೊನ್ನೆ ತಾನೆ ಅವನ್ ಮಾತು ಒಂದೂ ಅರ್ಥ ಆಗಲ್ಲ, ಎಲ್ಲಿಂದ ಹಿಡ್ಕೊಂಡ್ ಬರ್ತಾರೋ ಅಂದ್ರಿ. ಹೋಗ್ಲಿ, ಸೀಟು ಇನ್ನೂ ಉಳ್ದಿದೆ. ಅಮೆರಿಕದ ಡಲ್ಲಾಸಿಂದ ನಿಮ್ ಮಗನ್ನೂ ಕರೆಸ್ಕೊಳೋಣ್ವಾ?"

ಗೌಡ್ರು ಕಾಫಿ ಲೋಟ ಕುಕ್ಕಿದ್ರು. "ಅವ್ನು ಕಷ್ಟಪಟ್ಟು ದುಡೀತಾನೆ, ಟ್ಯಾಕ್ಸ್ ಕಟ್ತಾನೆ! ಗ್ರೀನ್ ಕಾರ್ಡ್ ಕ್ಯೂನಲ್ಲಿ ಕೂತು ತಲೆ ಬೆಳ್ಳಗಾಗಿದೆ, ಯಾವ್ ದೇಶಕ್ಕಾದ್ರೂ ವರ್ಷಕ್ಕೆ ಶೇಕಡಾ 7ಕ್ಕಿಂತ ಜಾಸ್ತಿ ಕೊಡಲ್ವಂತೆ, ಮಾಲ್ಡೀವ್ಸಿಗೂ ನಮಗೂ ಒಂದೇ ಲೆಕ್ಕ, ಇದ್ಯಾವ ನ್ಯಾಯ? 2025ರಲ್ಲಿ ಆ ಟ್ರಂಪು ಹೊಸ ಎಚ್-1ಬಿ ಕೆಲ್ಸದ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಫೀಸು ಹಾಕ್ದ. ಅಲ್ಲಿ ಕೆಲವ್ರು ಇವ್ರೆಲ್ಲ ವಾಪಸ್ ಹೋಗ್ಲಿ ಅಂತ ಮೊಬೈಲಲ್ಲಿ ಹಾಕ್ತಾರಂತೆ. ಎಂಥ ಜನ ಮಾರಾಯ!"

"ಹಿಂದೆ ಚಿತ್ರ ಹದ್ದಿಂದಾ?"

ಗೌಡ್ರು ಮಾತಾಡ್ಲಿಲ್ಲ. ಅಷ್ಟೊತ್ತೂ ಗಲ್ಲಾಪೆಟ್ಟಿಗೆ ಹತ್ರ ಸುಮ್ನಿದ್ದ ಶೆಟ್ರು ಬಾಯ್ಬಿಟ್ರು. "ನಂಗೂ ಒಂದ್ ಸೀಟ್ ಹಿಡೀರಿ. ಬೊಂಬಾಯಿ ಮಾಟುಂಗಾದಲ್ಲಿ ತಟ್ಟೆ ತೊಳೀತಿದ್ದಾಗ ನಾನು ಸಣ್ಣ ಹುಡ್ಗ. 1966ರಲ್ಲಿ ಶಿವಸೇನೆ ಶುರುವಾಯ್ತಲ್ಲ, ನಮ್ ದಕ್ಷಿಣದೋರನ್ನ ಓಡಿಸೋಕೆ 'ಹಟಾವೋ ಲುಂಗಿ, ಬಜಾವೋ ಪುಂಗಿ' ಅಂತ ಕೂಗ್ತಿದ್ರು ಮಾರ್ರೆ. ನಾನು ಊರಿಂದ ತಂದಿದ್ದೇ ಎರಡು ಲುಂಗಿ. ನಮ್ ರೈಟರ್ ರಾಯರ ಹಳೇ ಪ್ಯಾಂಟಿಗೆ ಹಗ್ಗ ಬಿಗಿದು ಹಾಕ್ಕೊಂಡು ತರಕಾರಿಗೆ ಹೋಗ್ತಿದ್ದೆ. ಒಂದಿನ ಶಟರ್ ಎಳ್ಕೊಂಡು ಒಳಗೇ ಕೂತ್ವಿ. ಮಾರನೇ ದಿನ ಕೂಗಿದ್ದ ಹುಡುಗ್ರೇ ಬಂದು ಇಡ್ಲಿ ತಿಂದ್ರು. ಚಟ್ನಿ ಎರಡ್ಸಲ ಕೇಳಿದ್ರು."

"ಹಾಕಿದ್ರಾ?" ಅಂದ ಸೀನ.

"ಹಾಕ್ದೆ ಮತ್ತೆ? ಹಸ್ದಿದ್ರು."

ಅಷ್ಟರಲ್ಲಿ ಗೌಡ್ರ ಫೋನು. ಮೇಸ್ತ್ರಿ. ಕೇಳ್ತಾ ಕೇಳ್ತಾ ಗೌಡ್ರ ಮುಖ ಕೆಂಪಾಯ್ತು, ಎದ್ದು ಜೀಪಿನ ಕೀಗೆ ಜೇಬೆಲ್ಲಾ ತಡಕಾಡಿದ್ರು.

"ಏನಾಯ್ತು?"

"ಆ ಪಕ್ಕದ ತೋಟದವ್ನು ಕೆಜಿಗೆ ಒಂದ್ ರೂಪಾಯಿ ಜಾಸ್ತಿ ಕೊಡ್ತೀನಿ ಅಂತ ಹೇಳಿ ರಾತ್ರೋರಾತ್ರಿ ಲೈನ್ ಮನೆ ಖಾಲಿ ಮಾಡ್ಸಿದಾನೆ ಮಾರಾಯ! ನಮ್ ಜನಾನ! ಎಲ್ಲಿಂದ್ಲೋ ಬಂದೋನು, ಸಕಲೇಶಪುರದೋನು!"